ಹದಿನೇಳನೇ ನಂಬರಿನ ಹೊಲಿಗೆ

ಚೆನ್ನೈನ ಪೆರಿಯಮೇಟ್‌ನ ಆ ಬೀದಿಗೆ ಮೊದಲ ದಿನ ಕಾಲಿಟ್ಟಾಗ ನಾನು ಮೂಗಿಗೆ ಸೆರಗು ಹಿಡಿದುಕೊಂಡಿದ್ದೆ. ಎರಡೂ ಬದಿ ಚರ್ಮದ ಗೋದಾಮುಗಳು, ಕೈಗಾಡಿಗಳ ಮೇಲೆ ಸುರುಳಿ ಸುತ್ತಿದ ತೊಗಲು, ಜೂನ್ ತಿಂಗಳ ಬಿಸಿಲು. 1998ನೇ ಇಸವಿ. ನನ್ನ ಗಂಡ ಭೋಜರಾಜ ವಿಮಾ ಕಚೇರಿಯಲ್ಲಿ ಗುಮಾಸ್ತರು. ಮಗಳು ನೇಹಾ ಶಾಲೆಗೆ ಸೇರಿದ ಮೇಲೆ ಹಗಲೆಲ್ಲ ನನಗೆ ಖಾಲಿ ಬೀಳುತ್ತಿತ್ತು. ಟೈಪಿಂಗ್ ಬರುತ್ತಿತ್ತು, ಇಂಗ್ಲಿಷ್‌ನಲ್ಲಿ ಪತ್ರ ಬರೆಯುವುದು ಬರುತ್ತಿತ್ತು. ಹಾಗಾಗಿ ಕುದುರೆಯ ಜೀನು, ಲಗಾಮು, ಸವಾರ ಕಾಲಿಡುವ ರಿಕಾಪಿನ ಪಟ್ಟಿಗಳನ್ನು ಮಾಡಿ ಇಂಗ್ಲೆಂಡಿಗೆ ಕಳಿಸುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕೆಳಗೆ ಆಫೀಸು, ಮಹಡಿಯ ಮೇಲೆ ಉದ್ದನೆಯ ಕೋಣೆಯಲ್ಲಿ ಮೂವತ್ತು ಜನ ಕೂತು ಹೊಲಿಯುತ್ತಿದ್ದರು.

ಎರಡನೇ ವಾರ ಮೆಟ್ಟಿಲು ಹತ್ತುವಾಗ ಹೆಬ್ಬೆರಳು ಎಡವಿ "ಅಯ್ಯೋ ಶಿವನೇ" ಎಂದು ಅಲ್ಲೇ ಕೂತುಬಿಟ್ಟೆ. ಮೇಲಿನಿಂದ ಒಂದು ಗಟ್ಟಿ ದನಿ ಕೇಳಿತು.

"ಕನ್ನಡದವರೇನ್ರಿ?"

ಅವರೇ ಭೀಮಾಬಾಯಿ. ಎತ್ತರದ ಹೆಂಗಸು, ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ. ನೀರು ತಂದು ಬೆರಳು ತೊಳೆದು, ಮೇಣ ಹಚ್ಚಿದ ದಾರಕ್ಕೆ ಸುತ್ತುವ ಹಳೇ ಬಟ್ಟೆಯಲ್ಲಿ ಕಟ್ಟುಹಾಕಿದರು. ಅವತ್ತಿನಿಂದ ನನ್ನನ್ನು "ಅಕ್ಕಾರ" ಎಂದು ಕರೆಯತೊಡಗಿದರು. ಅವರ ಕಡೆ ಶಾಲೆಯ ಟೀಚರನ್ನು ಹಾಗೆ ಕರೆಯುತ್ತಾರಂತೆ. ನಾನು ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ನಾನು ಭೀಮಕ್ಕ ಎನ್ನುತ್ತಿದ್ದೆ.

ವಿಜಾಪುರ ಜಿಲ್ಲೆಯ ಒಂದು ಹಳ್ಳಿ ಅವರದು. ತೊಗಲು ಹದ ಮಾಡುವ ಮನೆತನ. "ಕಕ್ಕಯ್ಯ ಶರಣರ ಕುಲ ನಮ್ಮದು" ಎನ್ನುವಾಗ ಕೊರಳಿನ ಲಿಂಗವನ್ನು ಒಮ್ಮೆ ಮುಟ್ಟಿಕೊಳ್ಳುತ್ತಿದ್ದರು. ಗಂಡ ಹಾಲಸಿದ್ದಪ್ಪ ಕೊಲ್ಹಾಪುರದಲ್ಲಿ ಜೀನು ಮಾಡುವುದನ್ನು ಕಲಿತವರು. ನಮ್ಮ ಯಜಮಾನ ಮುರಳೀಧರ ಅವರ ತಂದೆ ಎಪ್ಪತ್ತೊಂಬತ್ತರಲ್ಲಿ ಅವರನ್ನು ಮದ್ರಾಸಿಗೆ ಕರೆತಂದಿದ್ದರು. ಹಾಲಸಿದ್ದಪ್ಪನವರು ತೊಂಬತ್ತರಲ್ಲಿ ಕಾಮಾಲೆಯಿಂದ ತೀರಿಕೊಂಡ ಮೇಲೆ ಭೀಮಕ್ಕ ಅವರ ಜಾಗದಲ್ಲೇ ಕೂತರು. ಹೊಲಿದವರ ನಂಬರನ್ನು ಪಟ್ಟಿಯ ಒಳಮೈಯಲ್ಲಿ ಸಣ್ಣದಾಗಿ ಒತ್ತುವ ಪದ್ಧತಿ ಅಲ್ಲಿತ್ತು. ಗಂಡನ ನಂಬರು ಹದಿನೇಳು, ಅದೇ ಹೆಂಡತಿಗೂ ಬಂತು.

ಅವರು ಹೊಲಿಯುವುದನ್ನು ನೋಡುತ್ತ ನಿಂತರೆ ಹೊತ್ತು ಹೋಗಿದ್ದು ತಿಳಿಯುತ್ತಿರಲಿಲ್ಲ. ಎರಡು ಮೊಣಕಾಲಿನ ನಡುವೆ ಮರದ ಇಕ್ಕಳ, ಅದರಲ್ಲಿ ಸಿಕ್ಕಿಸಿದ ಪಟ್ಟಿ. ಆರಿಯಿಂದ ಒಂದು ತೂತು ಕೊರೆದು, ಎರಡು ಸೂಜಿಗಳನ್ನು ಎದುರುಬದುರಾಗಿ ಅದೇ ತೂತಿನಲ್ಲಿ ದಾಟಿಸಿ, ಎರಡೂ ತೋಳನ್ನು ರೆಕ್ಕೆಯಂತೆ ಅಗಲಿಸಿ ದಾರವನ್ನು ಬಿಗಿಯುತ್ತಿದ್ದರು. ಇಂಚಿಗೆ ಎಂಟು ಹೊಲಿಗೆ. ಅಳತೆಪಟ್ಟಿ ಇಟ್ಟು ನೋಡಿದರೂ ಎಂಟೇ.

ಮಧ್ಯಾಹ್ನ ಇಬ್ಬರೂ ಮಹಡಿಯ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದೆವು. ಕೋಯಂಬೇಡು ಮಾರುಕಟ್ಟೆಯಿಂದ ಜೋಳ ತರಿಸಿ, ಬೀಸಿಸಿ, ರೊಟ್ಟಿ ಬಡಿದು ತರುತ್ತಿದ್ದರು. ನನ್ನ ಡಬ್ಬಿಯ ಪುಳಿಯೋಗರೆ, ಮೊಸರನ್ನ ಅವರಿಗೆ ಕೊಡುತ್ತಿದ್ದೆ. ಅವರ ಡಬ್ಬಿಯಿಂದ ಮೊದಲ ಆರು ತಿಂಗಳು ನಾನು ಏನನ್ನೂ ತೆಗೆದುಕೊಳ್ಳಲಿಲ್ಲ. ಹೊಟ್ಟೆ ತುಂಬಿದೆ ಎನ್ನುತ್ತಿದ್ದೆ. ಅವರಿಗೆ ಕಾರಣ ಗೊತ್ತಿತ್ತು, ಒಂದು ದಿನವೂ ಕೇಳಲಿಲ್ಲ. ಸಂಕ್ರಾಂತಿಯ ಮರುದಿನ ನಾನಾಗಿಯೇ ಕೈ ಚಾಚಿ ಅರ್ಧ ರೊಟ್ಟಿ ಮುರಿದುಕೊಂಡೆ. ಅವರು ಶೇಂಗಾ ಚಟ್ನಿಯನ್ನು ನನ್ನ ಕಡೆ ಸರಿಸಿದರು.

ಎರಡು ಸಾವಿರದ ಸೆಪ್ಟೆಂಬರಿನಲ್ಲಿ ದೊಡ್ಡ ಆರ್ಡರ್ ಬಂತು. ಕ್ರಿಸ್‌ಮಸ್ಸಿಗೆ ಮೊದಲು ಅಲ್ಲಿನ ಅಂಗಡಿಗಳಿಗೆ ಸರಕು ಮುಟ್ಟಬೇಕು. ಯಾವಾಗಲೂ ಚರ್ಮ ಕೊಡುತ್ತಿದ್ದವರ ಬಳಿ ಅಷ್ಟು ದಾಸ್ತಾನಿರಲಿಲ್ಲ. ಮುರಳೀಧರ ಅವರು ಬೇರೊಬ್ಬ ವ್ಯಾಪಾರಿಯಿಂದ ಲಾರಿ ತುಂಬ ತರಿಸಿದರು. ಕಪ್ಪು ಚರ್ಮ, ಕನ್ನಡಿಯಂಥ ಹೊಳಪು.

ಮರುದಿನ ಊಟದ ಹೊತ್ತಿಗೆ ಭೀಮಕ್ಕ ಡಬ್ಬಿ ಬಿಚ್ಚಲಿಲ್ಲ. ಆ ಚರ್ಮದ ಒಂದು ತುಂಡನ್ನು ತಂದು ನನ್ನ ಮುಂದೆ ಮಡಚಿದರು. ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು.

"ಸುಟ್ಟ ತೊಗಲ ಇದು, ಅಕ್ಕಾರ. ಹದ ಮಾಡೂ ಔಷಧ ಹೆಚ್ಚಾಗೇತಿ, ಮ್ಯಾಲ ಬೆಂಕಿಗೆ ಒಣಗಿಸ್ಯಾರ. ಮ್ಯಾಲ ಬಣ್ಣ ಹೊಡದು ಮುಚ್ಯಾರ. ಆರಿ ಚುಚ್ಚಿದ್ರ ಕೈಗೆ ಗೊತ್ತಾಗತೈತಿ, ಹಪ್ಪಳ ಚುಚ್ಚಿದಂಗ."

"ಹೊಲಿದರೆ ನಿಲ್ಲಲ್ವಾ?"

"ಕೈಚೀಲಕ್ಕ ನಡೀತೈತ್ರಿ. ಇದು ರಿಕಾಪಿನ ಪಟ್ಟಿ. ಕುದುರಿ ಓಡೂಮುಂದ ಮನಶ್ಯಾನ ಭಾರೆಲ್ಲಾ ಇದರ ಮ್ಯಾಲ ಬೀಳತೈತಿ. ಸುರೇಶಗ ಹೇಳಿದ್ನಿ. ಹೊಲಿಯೂದು ನಿನ್ನ ಕೆಲಸ, ತೊಗಲು ಆರಿಸೂದು ನಿನ್ನ ಕೆಲಸಲ್ಲ ಅಂದ. ನೀವು ಆಫೀಸಿನವರು, ನಿಮ್ಮ ಮಾತಿಗೆ ತೂಕ ಐತಿ. ಒಂದೀಟು ಹೇಳ್ರಿ. ಅಲ್ಲೀತನಕಾ ನಾ ಸೂಜಿ ಹಿಡಿಯೂದುಲ್ಲ."

ಸುರೇಶ್ ಎಂದರೆ ಮೇಸ್ತ್ರಿ. ನಾನು ಕೆಳಗೆ ಹೋದಾಗ ಅವರು ಹಡಗಿನ ಏಜೆಂಟನ ಜೊತೆ ಫೋನಿನಲ್ಲಿದ್ದರು. ಬಾಗಿಲಲ್ಲೇ ನಿಂತು, "ಹೊಸ ಚರ್ಮ ಚೆನ್ನಾಗಿಲ್ಲ ಅಂತ ಮೇಲೆ ಹೇಳ್ತಿದಾರೆ ಸಾರ್" ಎಂದು ತಮಿಳಿನಲ್ಲಿ ಹೇಳಿದೆ. ಒಂದೇ ವಾಕ್ಯ. ಅವರು ರಿಸೀವರಿಗೆ ಕೈ ಅಡ್ಡ ಹಿಡಿದು "ಅಪ್ಪುರಂ ಪಾಕ್ಕಲಾಂ" ಎಂದರು, ಆಮೇಲೆ ನೋಡೋಣ ಎಂದು. ನಾನು ಅಲ್ಲಿ ನಿಲ್ಲಲಿಲ್ಲ. ಯಜಮಾನರ ಕೋಣೆ ಹತ್ತೇ ಹೆಜ್ಜೆ ದೂರವಿತ್ತು, ಬಾಗಿಲು ತೆರೆದಿತ್ತು. ಅಲ್ಲಿಗೂ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಹೆದರಿಕೆಯೇನೂ ಇರಲಿಲ್ಲ. ನೇಹಾಳ ಶಾಲೆ ಬಿಡುವುದರೊಳಗೆ ಟೈಪ್ ಮಾಡಿ ಮುಗಿಸಬೇಕಾದ ನಾಲ್ಕು ಪತ್ರ, ಅಷ್ಟೇ.

ಮೇಲೆ ಹೋಗಿ, "ಹೇಳಿದೀನಿ ಭೀಮಕ್ಕ" ಎಂದೆ.

"ಏನಂದ್ರು?"

"ನೋಡ್ತೀವಿ ಅಂದ್ರು."

"ಅಂದ್ರ ಹೊಲೀಲೇನು?"

ನಾನು "ಹ್ಞೂಂ" ಎಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ದಾರಕ್ಕೆ ಮೇಣ ತೀಡಲು ಶುರುಮಾಡಿದರು.

ಒಂಬತ್ತು ತಿಂಗಳಾದ ಮೇಲೆ, ಮುಂದಿನ ಜೂನ್‌ನಲ್ಲಿ, ಇಂಗ್ಲೆಂಡಿನಿಂದ ಕೊರಿಯರ್‌ನಲ್ಲಿ ಒಂದು ಪೊಟ್ಟಣ ಬಂತು. ನಮ್ಮ ಸರಕು ತರಿಸುವ ವ್ಯಾಪಾರಿ ಕಳಿಸಿದ್ದು. ಒಳಗೆ ಹರಿದ ರಿಕಾಪಿನ ಪಟ್ಟಿ, ವ್ಯಾಪಾರಿಯ ಖಾರವಾದ ಪತ್ರ, ಮತ್ತು ಕೈಯಲ್ಲಿ ಬರೆದ ಇನ್ನೊಂದು ಕಾಗದ. ಅದನ್ನು ಬರೆದವರು ಮಿಸೆಸ್ ಹಾರ್ಗ್ರೀವ್ ಎಂಬ ಹೆಂಗಸು. ಪಟ್ಟಿ ಕೊಂಡಿದ್ದು ಹನ್ನೊಂದು ವರ್ಷದ ಮಗಳ ಹುಟ್ಟುಹಬ್ಬಕ್ಕೆ. ಮಗಳ ಹೆಸರು ಬ್ರಿಜೆಟ್. ಸಣ್ಣ ಬೇಲಿ ಹಾರುವಾಗ ಬಕಲ್ಲಿನ ಹತ್ತಿರ ಪಟ್ಟಿ ಹರಿದು, ಹುಡುಗಿ ಬೆನ್ನಡಿಯಾಗಿ ಬಿದ್ದಳು. ಎಂಟು ವಾರವಾಯಿತು, ಕಾಲುಗಳಲ್ಲಿ ಸ್ಪರ್ಶವಿಲ್ಲ, ಡಾಕ್ಟರುಗಳು ಕಾಯಿರಿ ಎನ್ನುತ್ತಿದ್ದಾರೆ. ಪರಿಹಾರದ ಮಾತನ್ನೇ ಆಕೆ ಎತ್ತಿರಲಿಲ್ಲ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದಳು: ಇದನ್ನು ಮಾಡಿದವರಿಗೆ ಇದು ಹೀಗಾಗುತ್ತದೆಂದು ಗೊತ್ತಿತ್ತೇ?

ನಾನು ಪಟ್ಟಿಯನ್ನು ತಿರುಗಿಸಿ ನೋಡಿದೆ. ಹದಿನೇಳು.

ಮುರಳೀಧರ ಅವರು ಕೆಟ್ಟ ಮನುಷ್ಯರಲ್ಲ. ಪತ್ರ ಓದಿ ತುಂಬ ಹೊತ್ತು ಕಣ್ಣು ಮುಚ್ಚಿ ಕೂತಿದ್ದರು. ಸಂಜೆ ನನ್ನನ್ನು ಕರೆದಾಗ ಮಾತ್ರ ಉತ್ತರ ಆಗಲೇ ಸಿದ್ಧವಾಗಿತ್ತು. ಚರ್ಮ ಕೆಟ್ಟದ್ದು ಎಂದು ಒಪ್ಪಿದರೆ ಕಳಿಸಿದ ಸರಕೆಲ್ಲ ವಾಪಸ್ ಬರುತ್ತದೆ, ಫ್ಯಾಕ್ಟರಿ ಮುಚ್ಚಬೇಕಾಗುತ್ತದೆ. ಹೊಲಿಗೆ ತೀರ ಒತ್ತೊತ್ತಾಗಿ ಬಿದ್ದು ಚರ್ಮ ಹರಿಯಿತು, ಇದು ಒಬ್ಬ ಕೆಲಸಗಾರಳ ಅಜಾಗರೂಕತೆ, ಆಕೆಯನ್ನು ತೆಗೆದುಹಾಕಿದ್ದೇವೆ ಎಂದು ಬರೆದರೆ ಅಲ್ಲಿಗೆ ಮುಗಿಯುತ್ತದೆ.

"ನೀವೇ ಅವಳಿಗೆ ಕನ್ನಡದಲ್ಲಿ ಓದಿ ಹೇಳಿ ಸೈನ್ ತಗೊಂಡುಬಿಡಿ. ನಾವು ಹೇಳಿದರೆ ಚೆನ್ನಾಗಿರಲ್ಲ" ಎಂದು ಇಂಗ್ಲಿಷ್‌ನಲ್ಲಿ ಹೇಳಿದರು.

ಆ ಹೇಳಿಕೆಯನ್ನು ಟೈಪ್ ಮಾಡಿದವಳು ನಾನೇ. ಒಂದು ತಪ್ಪೂ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಭೀಮಕ್ಕ ಆಫೀಸಿಗೆ ಬಂದು ನಿಂತರು. ಸುರೇಶ್, ಯಜಮಾನರು ಇಬ್ಬರೂ ಇದ್ದರು. ನಾನು ಇಂಗ್ಲೆಂಡಿನ ಕಾಗದದಲ್ಲಿ ಇದ್ದದ್ದನ್ನು ಹೇಳಿದೆ. ಅವರು ಮೊದಲು ಕೇಳಿದ್ದು ಇಷ್ಟು.

"ಹುಡುಗಿ ಈಗ ಹೆಂಗದಾಳ್ರಿ?"

"ನಡೆಯೋಕಾಗ್ತಿಲ್ಲವಂತೆ."

ಅವರು ಮೇಜಿನ ಮೇಲಿದ್ದ ಪಟ್ಟಿಯನ್ನು ಎತ್ತಿಕೊಂಡು ಹರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಹತ್ತಿರ ಕರೆದರು.

"ನೋಡ್ರಿ ಇಲ್ಲಿ. ಹೊಲಿಗಿ ಹಂಗಽ ಐತಿ, ಇಂಚಿಗೆ ಎಂಟ. ಸೂಜಿ ಹೋಗಲಾರದ ಜಾಗಾದಾಗ ಸೀಳೇತಿ."

ಅದು ಎಲ್ಲರಿಗೂ ಕಾಣುತ್ತಿತ್ತು. ಸುರೇಶ್ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. ಯಜಮಾನರು ಮೇಜಿನ ಮೇಲಿನ ಕಾಗದವನ್ನು ಭೀಮಕ್ಕನ ಕಡೆ ಮೆಲ್ಲಗೆ ಸರಿಸಿದರು.

"ಏನ ಬರದೈತ್ರಿ ಇದರಾಗ?"

ನಾನು ಇದ್ದದ್ದು ಇದ್ದಂತೆ ಓದಿ ಹೇಳಿದೆ. ಹೊಲಿಗೆ ಒತ್ತಾಗಿತ್ತು, ನನ್ನ ಅಜಾಗರೂಕತೆಯಿಂದ ಹೀಗಾಯಿತು, ಕೆಲಸ ಬಿಡುತ್ತಿದ್ದೇನೆ. ಅವರು ತಲೆ ತಗ್ಗಿಸಿ ಪೂರ್ತಿ ಕೇಳಿದರು.

"ಹೊಲಿಗಿದು ಸುಳ್ಳ, ಅಕ್ಕಾರ. ಆದ್ರ ತೊಗಲ ಸುಟ್ಟೈತಿ ಅಂತ ಗೊತ್ತಿದ್ದೂ ನಾ ಹೊಲದ್ನಿ. ಗೊತ್ತಿಲ್ಲದವರು ಯಾರರ ಹೊಲದಿದ್ರ ಬ್ಯಾರೆ ಮಾತು. ನನಗ ಗೊತ್ತಿತ್ತು. ಆ ತಪ್ಪಿಗೆ ಸಹಿ ಹಾಕತೀನಿ, ಇದರಾಗ ಬರದಿದ್ದಕ್ಕಲ್ಲ. ಹಂಗಂತ ಅವರಿಗೆ ಹೇಳ್ರಿ."

ನಾನು ಅದನ್ನು ತಮಿಳಿಗೆ ತಿರುಗಿಸಿ ಹೇಳಬೇಕಿತ್ತು. "ಸೈನ್ ಮಾಡ್ತಾರಂತೆ" ಎಂದಷ್ಟೇ ಹೇಳಿದೆ. ಭೀಮಕ್ಕನಿಗೆ ತಮಿಳು ಅರ್ಥವಾಗದೇ ಇರಲಿಲ್ಲ. ಇಪ್ಪತ್ತು ವರ್ಷ ಈ ಊರಲ್ಲಿ ಬಾಳಿದವರು. ಪೆನ್ನು ತೆಗೆದುಕೊಂಡು, ಕನ್ನಡದಲ್ಲಿ, ಒಂದೊಂದೇ ಅಕ್ಷರವಾಗಿ ತಮ್ಮ ಹೆಸರು ಬರೆದರು.

ಮೇಲೆ ಹೋಗಿ ಇಕ್ಕಳ, ಆರಿ, ಎರಡು ಸೂಜಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಅವು ಹಾಲಸಿದ್ದಪ್ಪನವರವು, ಕಂಪನಿಯವಲ್ಲ. ಬಾಗಿಲವರೆಗೆ ಕಳಿಸಲು ಹೋದ ನನಗೆ, "ಬಿಸಲಾಗ ಬರಬ್ಯಾಡ್ರಿ" ಎಂದು ಹೇಳಿ ಬೀದಿಗಿಳಿದರು.

ನಾನು ಆ ಕೆಲಸವನ್ನು ಅವತ್ತೇ ಬಿಟ್ಟೆ ಎಂದು ಬರೆಯುವಂತಿದ್ದರೆ ಚೆನ್ನಾಗಿತ್ತು. ಇನ್ನೂ ಎಂಟು ತಿಂಗಳು ಅಲ್ಲೇ ಇದ್ದೆ. ಡಬ್ಬಿಯನ್ನು ನನ್ನ ಮೇಜಿನ ಮೇಲೇ ಬಿಚ್ಚಿ ಉಣ್ಣುತ್ತಿದ್ದೆ. ಎರಡು ಸಾವಿರದ ಎರಡರ ಫೆಬ್ರವರಿಯಲ್ಲಿ ಬಿಟ್ಟೆ. ನೇಹಾಳ ಪರೀಕ್ಷೆ ಎಂಬ ನೆವ ಹೇಳಿದೆ. ಬಿಟ್ಟ ವಾರವೇ ಮಿಸೆಸ್ ಹಾರ್ಗ್ರೀವ್‌ಗೆ ನಾಲ್ಕು ಪುಟದ ಕಾಗದ ಬರೆದೆ. ವಿಳಾಸವನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ. ಚರ್ಮ ಕೆಟ್ಟಿತ್ತು, ಹೊಲಿದವರು ಅದನ್ನು ಮೊದಲ ದಿನವೇ ಕಂಡುಹಿಡಿದು ಹೊಲಿಯಲಾರೆ ಎಂದರು, ಆ ಮಾತನ್ನು ಮುಟ್ಟಿಸುವ ಕೆಲಸ ನನಗೆ ವಹಿಸಿದರು, ನಾನು ಬಾಗಿಲಲ್ಲಿ ನಿಂತು ಒಂದು ವಾಕ್ಯ ಹೇಳಿ ಹಿಂತಿರುಗಿದೆ, ಆಮೇಲೆ ಹೊಲಿಯಿರಿ ಎಂದೆ. ಎಲ್ಲವನ್ನೂ ಬರೆದೆ. ಇಂಗ್ಲಿಷ್‌ನಲ್ಲಿ ಅದು ಅಷ್ಟೇನೂ ಕಷ್ಟವಾಗಲಿಲ್ಲ. ಬೇರೆ ಯಾರದೋ ಕತೆ ಎನ್ನಿಸುತ್ತಿತ್ತು.

ಆ ವೇಳೆಗೆ ಭೀಮಕ್ಕ ವಡಪಳನಿಯಲ್ಲಿ, ಮಗನ ಮನೆಯ ಬೀದಿಯ ತಿರುವಿನಲ್ಲಿ, ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ ಚಪ್ಪಲಿ ರಿಪೇರಿಗೆ ಕೂತಿದ್ದರು. ನಾನು ಆಗಾಗ ಹೋಗುತ್ತಿದ್ದೆ. ಹೋದಾಗಲೆಲ್ಲ ಹೇಳಬೇಕು ಎಂದುಕೊಳ್ಳುವುದು, ಟೀ ಕುಡಿದು ಬರುವುದು. ಒಂದು ದಿನ ಒಬ್ಬ ತಾಯಿ ಮಗುವಿನ ಸ್ಕೂಲ್ ಬ್ಯಾಗ್ ತಂದು ಕಿತ್ತ ಪಟ್ಟಿ ತೋರಿಸಿದಳು. ಭೀಮಕ್ಕ ನೋಡದೆಯೇ ತಲೆಯಾಡಿಸಿ ಆಚೆ ಬೀದಿಯವನ ಹತ್ತಿರ ಹೋಗಲು ಹೇಳಿದರು.

"ಯಾಕೆ ಭೀಮಕ್ಕ, ನಿಮಗೆ ಎರಡು ನಿಮಿಷದ ಕೆಲಸ."

"ಮಕ್ಕಳ ಸಾಮಾನಾ ನಾ ಮುಟ್ಟೂದುಲ್ಲರಿ" ಎಂದರು.

ಮೇ ತಿಂಗಳಲ್ಲಿ ಉತ್ತರ ಬಂತು. ಒಂದೇ ಹಾಳೆ, ಎರಡು ಪ್ಯಾರಾ. ಓದಿದ ಮೇಲೆ ಮನೆಯಲ್ಲಿ ಇರಲಾಗಲಿಲ್ಲ. ಬಸ್ ಹತ್ತಿ ವಡಪಳನಿಗೆ ಹೋದೆ. ಭೀಮಕ್ಕ ಆಗತಾನೆ ಮರದ ಕೆಳಗಿನಿಂದ ಎದ್ದು ಮನೆಗೆ ಹೊರಟಿದ್ದರು. ಅವರ ಮನೆಯ ಹೊಸ್ತಿಲಲ್ಲೇ ಕೂತೆವು.

"ಆ ಹುಡುಗಿಯ ತಾಯಿಗೆ ನಾನು ಕಾಗದ ಬರೆದಿದ್ದೆ ಭೀಮಕ್ಕ. ಚರ್ಮದ ವಿಷಯ, ನೀವು ಬೇಡ ಅಂದದ್ದು, ಎಲ್ಲ ಬರೆದೆ. ಉತ್ತರ ಬಂದಿದೆ."

ಅವರು ಸೆರಗಿನಿಂದ ಕೈ ಒರೆಸಿಕೊಂಡರು. "ಓದ್ರಿ."

ಮೊದಲ ಪ್ಯಾರಾವನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಬ್ರಿಜೆಟ್ ಇನ್ನು ನಡೆಯುವುದಿಲ್ಲ, ಈಗ ಅದು ಖಚಿತವಾಗಿದೆ. ಗಾಲಿಕುರ್ಚಿಯಲ್ಲಿ ಶಾಲೆಗೆ ಹೋಗುತ್ತಿದ್ದಾಳೆ. ಕುದುರೆಯನ್ನು ಮಾರಿಬಿಟ್ಟೆವು, ಅದಕ್ಕೇ ಅವಳು ಹೆಚ್ಚು ಅತ್ತಳು. ಹೊಲಿದ ಹೆಂಗಸಿಗೆ ದಯವಿಟ್ಟು ಹೇಳಿ, ಆಕೆ ನಿಲ್ಲಿಸಲು ನೋಡಿದಳೆಂದು ತಿಳಿದು ನನಗೆ ಒಂದಿಷ್ಟು ಸಮಾಧಾನವಾಯಿತು, ಆಕೆಯ ಮೇಲೆ ನನಗೆ ಯಾವ ಕೋಪವೂ ಇಲ್ಲ.

ಎರಡನೇ ಪ್ಯಾರಾ ನನಗೆ ಬರೆದದ್ದು. ನಿಮ್ಮನ್ನು ಕ್ಷಮಿಸಬೇಕೆಂದು ಈ ಕಾಗದ ಬರೆಯಲು ಎರಡು ತಿಂಗಳು ಪ್ರಯತ್ನಿಸಿದೆ, ಆಗುತ್ತಿಲ್ಲ, ಇನ್ನು ಮುಂದೆ ಬರೆಯಬೇಡಿ ಎಂದಿತ್ತು.

ಅದನ್ನು ಓದದೆ ನಾನು ಹಾಳೆಯನ್ನು ಮಡಚತೊಡಗಿದೆ.

ಭೀಮಕ್ಕ ಕಣ್ಣೊರೆಸಿಕೊಂಡರು. ಆಮೇಲೆ ಹಾಳೆಯ ಕಡೆ ನೋಡಿದರು.

"ಕೆಳಗ ಇನ್ನೂ ಬರದಂಗ ಕಾಣತೈತಲ್ಲರಿ."

"ಅವರ ವಿಳಾಸ, ಭೀಮಕ್ಕ."

ಅವರು ಮತ್ತೆ ಕೇಳಲಿಲ್ಲ. "ಬಿರ್ಜಿ ಅಂದ್ರೇನ್ರಿ ಹೆಸರು?" ಎಂದು ಹುಡುಗಿಯ ಹೆಸರನ್ನು ಎರಡು ಸಲ ಹೇಳಿ ನೋಡಿದರು. ಬ್ರಿಜೆಟ್ ಎನ್ನಲು ನಾಲಿಗೆ ಹೊರಳಲಿಲ್ಲ. ಒಳಗೆ ಹೋಗಿ ಲಿಂಗಪೂಜೆಗೆ ಕೂತರು. ಅದು ಸೋಮವಾರ. ಅಂದಿನಿಂದ ಪ್ರತಿ ಸೋಮವಾರ ಒಪ್ಪತ್ತು ಉಣ್ಣುತ್ತಿದ್ದರೆಂದು, ಯಾಕೆಂದು ಯಾರಿಗೂ ಹೇಳುತ್ತಿರಲಿಲ್ಲವೆಂದು ಆಮೇಲೆ ಸೊಸೆ ವಿಮಲಾ ಹೇಳಿದಳು.

ನಾನು ಹೋಗುವುದು ಕ್ರಮೇಣ ಕಡಿಮೆಯಾಯಿತು. ತಿಂಗಳಿಗೊಮ್ಮೆ ಇದ್ದದ್ದು ಹಬ್ಬಕ್ಕೊಮ್ಮೆ ಆಯಿತು. ಹೋದರೆ ಅವರು ಮೊದಲಿನ ಹಾಗೇ ನೇಹಾ ಏನು ಓದುತ್ತಿದ್ದಾಳೆ, ಕನ್ನಡ ಮಾತಾಡುತ್ತಾಳೋ ಇಲ್ಲವೋ ಎಂದೆಲ್ಲ ಕೇಳುತ್ತಿದ್ದರು. ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ ಎಂದರೆ ನಗುತ್ತಿದ್ದರು. ಅವರ ಬಲಗೈ ಬೆರಳುಗಳು ಸೊಟ್ಟಗಾಗುತ್ತಾ ಬಂದಿದ್ದವು. ಎರಡು ಸಾವಿರದ ಆರರ ಹೊತ್ತಿಗೆ ಮರದ ಕೆಳಗೆ ಕೂರುವುದನ್ನೂ ಬಿಟ್ಟರು.

ಮರುವರ್ಷ ಐಪ್ಪಸಿ ತಿಂಗಳ, ಅಂದರೆ ಅಕ್ಟೋಬರ್ ಕೊನೆಯ ಮಳೆಯಲ್ಲಿ ಜ್ವರ ಬಂದು ಎದೆಗೆ ಕಫ ಕಟ್ಟಿ, ಸರ್ಕಾರಿ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದು ತೀರಿಕೊಂಡರು. ವಿಮಲಾ ಫೋನ್ ಮಾಡಿದಾಗ ನಾವು ತುಮಕೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆವು. ಚೆನ್ನೈಗೆ ಬಂದು ಅವರ ಮನೆಗೆ ಹೋಗುವಷ್ಟರಲ್ಲಿ ಹನ್ನೆರಡು ದಿನವಾಗಿತ್ತು. ವಿಜಾಪುರದ ಕಡೆಯ ನಾಲ್ಕು ಮನೆಯವರು ಸೇರಿ ಅವರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರಂತೆ.

ವಿಮಲಾ ತಮಿಳಿನವಳು, ಒಳ್ಳೆಯ ಹುಡುಗಿ. ಕುರ್ಚಿ ಹಾಕಿ, ನೀರು ಕೊಟ್ಟು, ಎದುರಿಗೆ ಕೂತಳು.

"ಅಕ್ಕಾ, ಅತ್ತೆಗೆ ಬಿರ್ಜಿ ಅಂತ ಯಾರಾದರೂ ಸಂಬಂಧದವರು ಇದ್ದರಾ? ಕೊನೆಯ ಎರಡು ದಿನ ಅದೇ ಹೆಸರು. ನಡೆದಳಾ, ನಡೆದಳಾ ಅಂತ ಕೇಳ್ತಾ ಇದ್ದರು. ನಮ್ಮ ಮನೆಯವರಿಗೂ ಯಾರೂ ನೆನಪಿಗೆ ಬರಲಿಲ್ಲ."

ಸಂಬಂಧದವರೇ ಎಂದು ಹೇಳಿ ಎದ್ದುಬರಬಹುದಿತ್ತು. ನಾನು ಹೇಳಿದೆ. ಲಾರಿಯಲ್ಲಿ ಬಂದ ಚರ್ಮದಿಂದ ಹಿಡಿದು ಎಲ್ಲವನ್ನೂ, ತಮಿಳಿನಲ್ಲಿ. ಸುರೇಶ್ ಫೋನಿನಲ್ಲಿದ್ದದ್ದು, ನಾನು ಬಾಗಿಲಿನಿಂದಲೇ ತಿರುಗಿದ್ದು, ಹೊಸ್ತಿಲಲ್ಲಿ ಕೂತು ಅರ್ಧ ಕಾಗದ ಮಾತ್ರ ಓದಿದ್ದು. ಐದು ವರ್ಷ ಅವರ ಎದುರು ಕೂತು ಹೇಳಲಾಗದ್ದನ್ನು ಅವರ ಸೊಸೆಗೆ ಹೇಳಿ ಮುಗಿಸಲು ಅರ್ಧ ಗಂಟೆಯೂ ಹಿಡಿಯಲಿಲ್ಲ.

ಮುಗಿದ ಮೇಲೆ ವಿಮಲಾ ನನ್ನನ್ನು ನೋಡಿದಳು. ಒಳಗೆ ಅವಳ ಮಗು ನಿದ್ದೆಯಿಂದೆದ್ದು ಅಳತೊಡಗಿತ್ತು. ಅವಳು ಎದ್ದು ಹೋದಳು. ತೊಟ್ಟಿಲು ತೂಗುವ ಸದ್ದು, ಅವಳು ಮಗುವಿಗೆ ಸಮಾಧಾನ ಹೇಳುವುದು ಕೇಳಿಸುತ್ತಿತ್ತು. ನಾನು ಸ್ವಲ್ಪ ಹೊತ್ತು ಕಾದೆ. ಅವಳು ಹೊರಗೆ ಬರಲಿಲ್ಲ. ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದು ಬಸ್ ಸ್ಟಾಪಿನ ಕಡೆ ನಡೆದೆ.